ಶಾಲೆಯ ಮೈದಾನಕ್ಕೂ ನನ್ನ ಓಟಕ್ಕೂ ಒಂದೇ ಡಿಜಿಟಲ್ ಕ್ರೀಡಾ ವಾಚು ಸಾಕಾದೀತೇ?

ಪ್ರಶ್ನೆ: ಬೆಳಗಿನ ಮೈದಾನ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಒಂದು ಕೈಗಡಿಯಾರ ಕೊಳ್ಳುವುದಕ್ಕೆ ಇಷ್ಟು ವಿಚಾರಣೆಯೇ ಎಂದು ಮನೆಯಲ್ಲಿ ನಗುತ್ತಾರೆ. ಆದರೆ ಸೀಟಿಯೊಂದನ್ನು ಬಿಟ್ಟರೆ ನನ್ನ ಕೆಲಸದಲ್ಲಿ ದಿನವೂ ಬಳಕೆಯಾಗುವ ಉಪಕರಣ ಅದೊಂದೇ ಆದ್ದರಿಂದ, ತಿಳಿದವರನ್ನು ಕೇಳಿಯೇ ಮುಂದುವರಿಯೋಣವೆನಿಸಿತು.

ಒಂಬತ್ತು ವರ್ಷಗಳಿಂದ ನಾನು ಕಟ್ಟುತ್ತಿರುವುದು ಕಪ್ಪು ಪಟ್ಟಿಯ ಸಾದಾ ಡಿಜಿಟಲ್ ವಾಚು. ಮೊದಲ ಏಳು ವರ್ಷ ಅದರ ಸೆಲ್ಲನ್ನೇ ಬದಲಿಸಲಿಲ್ಲ. ಸೆಲ್ಲು ಮುಗಿದಾಗ ಪೇಟೆಯ ಅಂಗಡಿಯೊಂದರಲ್ಲಿ ಹತ್ತು ನಿಮಿಷದೊಳಗೆ ಹೊಸದನ್ನು ಹಾಕಿಕೊಟ್ಟರು. ಮುಂದಿನ ಮಳೆಗಾಲದಲ್ಲಿ ಗಾಜಿನ ಒಳಗೆ ಆವಿ ಕಟ್ಟಿತು. ಈಗ ಸೆಕೆಂಡಿನ ಕೊನೆಯ ಅಂಕಿಯಲ್ಲಿ ಬಲಗಡೆಯ ಮೇಲಿನ ಗೀಟು ಕಾಣಿಸುವುದೇ ಇಲ್ಲ. 8 ಬಂದರೆ 6ರಂತೆ, 9 ಬಂದರೆ 5ರಂತೆ ತೋರುತ್ತದೆ. ಕಳೆದ ತಿಂಗಳು ನಮ್ಮ ಶಾಲೆಯ ಹುಡುಗಿಯೊಬ್ಬಳ 800 ಮೀಟರ್ ಓಟಕ್ಕೆ 2 ನಿಮಿಷ 46 ಸೆಕೆಂಡ್ ಎಂದು ಬರೆದುಕೊಂಡು, ಬೆನ್ನು ತಟ್ಟಿ, ಆಮೇಲೆ ಅದು 48 ಎಂದು ತಿಳಿದಾಗ ಅವಳ ಮುಂದೆ ಪೆಚ್ಚಾಗಿ ನಿಲ್ಲಬೇಕಾಯಿತು.

ನನಗೆ ವಾಚು ಬೇಕಾಗಿರುವುದು ಎರಡು ಕೆಲಸಗಳಿಗೆ. ಸುಣ್ಣದ ಗೆರೆ ಹಾಕಿದ 200 ಮೀಟರಿನ ಟ್ರ್ಯಾಕಿನಲ್ಲಿ ಇಪ್ಪತ್ತೈದು ಮಕ್ಕಳನ್ನು ಓಡಿಸಿ ಸುತ್ತು ಸುತ್ತಿನ ಸಮಯವನ್ನು ಬರೆದುಕೊಳ್ಳಬೇಕು. ಮತ್ತೊಂದು ನನ್ನದೇ ಓಟ: ವಯಸ್ಸು 46, ಭಾನುವಾರ 14–15 ಕಿಲೋಮೀಟರ್ ಓಡುತ್ತೇನೆ, ಮೊದಲ ಹಾಫ್ ಮ್ಯಾರಥಾನ್ ಓಡುವ ಆಸೆಯಿದೆ. ಜಿಪಿಎಸ್ ಇರುವ ವಾಚನ್ನೇ ತೆಗೆದುಕೊಳ್ಳಿ ಎಂದು ಬೆಂಗಳೂರಿನಲ್ಲಿರುವ ಸೋದರಳಿಯ ಒತ್ತಾಯಿಸುತ್ತಿದ್ದಾನೆ. ನನಗೋ ವಾಚಿಗೆ ದಿನ ಬಿಟ್ಟು ದಿನ ಚಾರ್ಜು ಹಾಕುವುದೆಂದರೆ ಮನೆಗೆ ಇನ್ನೊಂದು ಕರುವನ್ನು ತಂದು ಕಟ್ಟಿಕೊಂಡಂತೆ. ಮೂರು ಸಾವಿರದವರೆಗೆ ಯೋಚಿಸಿದ್ದೇನೆ. ತಕ್ಕ ಕಾರಣವಿದ್ದರೆ ಹೆಚ್ಚಿಸಬಲ್ಲೆ. ಸಾದಾ ಡಿಜಿಟಲ್ ವಾಚಿನ ನಿಜವಾದ ಗುಣ ಮತ್ತು ದೋಷಗಳನ್ನು ಬಳಸಿದವರೇ ಹೇಳಬೇಕೆಂದು ವಿನಂತಿ.

ಉತ್ತರ 1: ಸ್ಪ್ರಿಂಗ್ ಬಾರ್, ತುಮಕೂರು

ಮೇಷ್ಟ್ರೇ, ನಮಸ್ಕಾರ. ತುಮಕೂರಿನಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿಯಿದೆ. ನಮ್ಮ ತಂದೆಯವರು ಇಲ್ಲಿಯ ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದವರಾದ್ದರಿಂದ ಮನೆಯಲ್ಲಿ ಕೀ ಕೊಡುವ ವಾಚಿಗೇ ಮರ್ಯಾದೆ ಹೆಚ್ಚು. ಹಾಗಿದ್ದರೂ ಓಡುವವರು, ಚೆಂಡಾಡುವವರು ಯಾರೇ ಕೇಳಿದರೂ ನಾನು ಡಿಜಿಟಲ್ ವಾಚನ್ನೇ ಹೇಳುತ್ತೇನೆ. ಕೀ ಕೊಡುವ ವಾಚಿನ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಕೂದಲೆಳೆಯಂತೆ ಸಪೂರವಾಗಿರುತ್ತದೆ. ಸಿಮೆಂಟು ನೆಲಕ್ಕೆ ಒಮ್ಮೆ ಬಿದ್ದರೆ ಮುರಿದೀತು. ಡಿಜಿಟಲ್ ವಾಚಿನಲ್ಲಿ ಗುಂಡಿಗಳನ್ನು ಬಿಟ್ಟರೆ ಚಲಿಸುವ ಭಾಗವೇ ಇಲ್ಲ. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಚೂರು, ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಸೆಕೆಂಡಿಗೆ ಒಂದು ಮಿಡಿತಕ್ಕೆ ಇಳಿಸುವ ಚಿಪ್, ಒಂದು ಎಲ್‌ಸಿಡಿ ಪರದೆ, ಒಂದು ಸೆಲ್ಲು; ಅದರ ಸಂಸಾರ ಇಷ್ಟೇ.

ನಿಮ್ಮ ವಾಚು ಕೆಟ್ಟದ್ದು ವಯಸ್ಸಾಗಿ ಅಲ್ಲ, ಸೆಲ್ಲು ಬದಲಿಸಿದ ಅವಸರಕ್ಕೆ ಎಂದು ನನ್ನ ಅಂದಾಜು. ಹಿಂಬದಿಯ ಮುಚ್ಚಳದ ಸುತ್ತ ತೆಳ್ಳನೆಯ ರಬ್ಬರಿನ ಉಂಗುರವಿರುತ್ತದೆ. ನಾವು ಅದನ್ನು ಗ್ಯಾಸ್ಕೆಟ್ ಎನ್ನುತ್ತೇವೆ. ಏಳು ವರ್ಷ ಒಂದೇ ಆಕಾರದಲ್ಲಿ ಒತ್ತಿಕೊಂಡಿದ್ದ ಆ ಉಂಗುರವನ್ನು ಎತ್ತಿದ ಮೇಲೆ ಒರೆಸಿ, ಸಿಲಿಕೋನ್ ಗ್ರೀಸು ಸವರಿ, ತನ್ನ ಜಾಡಿನಲ್ಲೇ ಕೂರಿಸಬೇಕು. ಸೀಳು ಬಿಟ್ಟಿದ್ದರೆ ಹೊಸದನ್ನೇ ಹಾಕಬೇಕು. ಒಂದು ಕಡೆ ಹೊರಳಿ ಕುಳಿತರೂ ಬೆವರು ಒಳಗಿಳಿಯುತ್ತದೆ. ಮಾಯವಾದ ಗೀಟಿಗೂ ಅದೇ ಕಾರಣವಿರಬಹುದು. ಇಂಥ ವಾಚುಗಳಲ್ಲಿ ಪರದೆಗೂ ಸರ್ಕ್ಯೂಟಿಗೂ ನಡುವೆ ಸಾಮಾನ್ಯವಾಗಿ ತಂತಿಯಿರುವುದಿಲ್ಲ. ವಿದ್ಯುತ್ ಹರಿಯುವ ಪದರ ಮತ್ತು ಹರಿಯದ ಪದರಗಳನ್ನು ಸಾಲಾಗಿ ಜೋಡಿಸಿದ ರಬ್ಬರಿನ ಪಟ್ಟಿಯೊಂದು ಎರಡನ್ನೂ ತಾಗಿಕೊಂಡು ಕುಳಿತಿರುತ್ತದೆ. ಅದರ ಅಂಚಿನಲ್ಲಿ ತೇವವೋ ಕೊಳೆಯೋ ಸೇರಿದರೆ ಆ ಜಾಗದ ಗೀಟಿಗೆ ಸುದ್ದಿ ಮುಟ್ಟುವುದಿಲ್ಲ. ಬಿಚ್ಚಿ, ಸ್ಪಿರಿಟಿನಿಂದ ಒರೆಸಿ, ಒಣಗಿಸಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಎಸೆಯುವ ಮುನ್ನ ಒಮ್ಮೆ ಮಾಡಿಸಿ ನೋಡಿ. ಸೆಲ್ಲು ಬದಲಿಸುವವರಿಗೂ ಒಂದು ಮಾತು: ಕ್ಯಾಸಿಯೊದ ಹಲವು ಮಾದರಿಗಳಲ್ಲಿ ಹೊಸ ಸೆಲ್ಲು ಹಾಕಿದ ಮೇಲೆ ‘ಎಸಿ’ ಎಂದು ಗುರುತು ಹಾಕಿರುವ ಬಿಂದುವನ್ನೂ ಸೆಲ್ಲಿನ ಮೇಲ್ಮೈಯನ್ನೂ ಲೋಹದ ಚಿಮಟದಿಂದ ಎರಡು ಸೆಕೆಂಡು ಕೂಡಿಸಬೇಕು. ಇದನ್ನು ಅರಿಯದವರು ಅಂಕಿ ಸರಿಯಾಗಿ ಮೂಡದಿದ್ದಾಗ ಒಳ್ಳೆಯ ವಾಚನ್ನೇ ಕೆಟ್ಟಿದೆಯೆಂದು ಹಿಂದಿರುಗಿಸುವುದನ್ನು ಕಂಡಿದ್ದೇನೆ.

ಸಾದಾ ವಾಚುಗಳ ಮಾತು ಬಂದಾಗ ಎಲ್ಲರೂ ಹೆಸರಿಸುವ ಕ್ಯಾಸಿಯೊ ಎಫ್-91ಡಬ್ಲ್ಯೂ ಮಾದರಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಅದು 1989ರಲ್ಲಿ ಬಂತು, ಈಗಲೂ ಮಾರಾಟದಲ್ಲಿದೆ. ತೂಕ 21 ಗ್ರಾಂ; ಕಟ್ಟಿಕೊಂಡಿದ್ದೇವೆಂಬುದೇ ಮರೆತುಹೋಗುತ್ತದೆ. ಸಿಆರ್2016 ಎಂಬ ಒಂದೇ ಸೆಲ್ಲಿನಲ್ಲಿ ಸುಮಾರು ಏಳು ವರ್ಷ ನಡೆಯುತ್ತದೆ. ತಿಂಗಳಿಗೆ ಹೆಚ್ಚೆಂದರೆ 30 ಸೆಕೆಂಡ್ ಆಚೀಚೆಯಾಗಬಹುದೆಂದು ಕಂಪನಿಯೇ ಹೇಳುತ್ತದೆ. ಇವೆಲ್ಲ ಗುಣಗಳು. ಇನ್ನು ದೋಷಗಳನ್ನು ಕೇಳಿ. ಅದರ ಸ್ಟಾಪ್‌ವಾಚು 59 ನಿಮಿಷ 59.99 ಸೆಕೆಂಡಿಗೆ ಮುಗಿದು ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ಹಾಫ್ ಮ್ಯಾರಥಾನ್ ಓಡುವವರು ಎಷ್ಟು ಗಂಟೆ ಕಳೆಯಿತೆಂಬುದನ್ನು ತಾವೇ ನೆನಪಿಟ್ಟುಕೊಳ್ಳಬೇಕು. ಇಳಿಕೆಯ ಎಣಿಕೆ, ಅಂದರೆ ಕೌಂಟ್‌ಡೌನ್ ಟೈಮರ್, ಅದರಲ್ಲಿಲ್ಲ. ಎಡ ಅಂಚಿನಿಂದ ಬೀಳುವ ಮಿಣುಕು ದೀಪ ನಸುಕಿನಲ್ಲಿ ಅರ್ಧ ಮುಖವನ್ನಷ್ಟೇ ಬೆಳಗುತ್ತದೆ. ಅದಕ್ಕೆ ವರ್ಷದ ಲೆಕ್ಕ ಗೊತ್ತಿಲ್ಲ, ಫೆಬ್ರವರಿಗೆ ಎಂದೆಂದಿಗೂ 28 ದಿನ. ಅಧಿಕ ವರ್ಷದಲ್ಲಿ ದಿನಾಂಕವನ್ನು ಕೈಯಿಂದ ತಿದ್ದಬೇಕು. ಅದೇ ಕಂಪನಿಯ ಎಇ-1200ಡಬ್ಲ್ಯೂಎಚ್ ಮಾದರಿಯಲ್ಲಿ ಈ ಕೊರತೆಗಳಲ್ಲಿ ಹೆಚ್ಚಿನವು ನೀಗಿವೆ: ಸೆಲ್ಲು ಹತ್ತು ವರ್ಷ, ಸ್ಟಾಪ್‌ವಾಚು 24 ಗಂಟೆ, ಕೌಂಟ್‌ಡೌನ್ ಉಂಟು, ನೀರಿನ ಗುರುತು 100 ಮೀಟರ್.

ಆ ನೀರಿನ ಗುರುತನ್ನು ನಂಬಿ ಮೋಸಹೋಗುವವರೇ ಹೆಚ್ಚು. 100 ಮೀಟರ್ ಎಂದರೆ ಅಷ್ಟು ಆಳಕ್ಕೆ ಧುಮುಕಬಹುದೆಂದಲ್ಲ. ನಿಂತ ನೀರು ಆ ಆಳದಲ್ಲಿ ಹಾಕುವ ಒತ್ತಡವನ್ನು ಪರೀಕ್ಷೆಯಲ್ಲಿ ತಾಳಿತೆಂದು. ‘ವಾಟರ್ ರೆಸಿಸ್ಟ್’ ಎಂದಷ್ಟೇ ಬರೆದಿದ್ದರೆ ಮಳೆ ಹನಿಗೆ, ಮುಖ ತೊಳೆಯುವುದಕ್ಕೆ ಅಡ್ಡಿಯಿಲ್ಲ. ಈಜಬೇಕಾದರೆ 50 ಮೀಟರ್ ಎಂದಾದರೂ ಇರಲಿ, 100 ಇದ್ದರೆ ನಿಶ್ಚಿಂತೆ. ನೀರೊಳಗಿದ್ದಾಗ ಗುಂಡಿ ಒತ್ತಬಾರದು. ಹಂಡೆಯ ಬಿಸಿನೀರಿನ ಸ್ನಾನಕ್ಕಂತೂ ಬಿಚ್ಚಿಯೇ ಇಡಬೇಕು. ಬಿಸಿಯೂ ಸೋಪೂ ಸೇರಿ ರಬ್ಬರನ್ನು ಬೇಗ ಮುದುಕಾಗಿಸುತ್ತವೆ.

ಕೊನೆಯದಾಗಿ ಪಟ್ಟಿ. ಈ ವಾಚುಗಳ ರೆಸಿನ್ ಪಟ್ಟಿ ಸೆಲ್ಲಿಗಿಂತ ಮೊದಲೇ ಸೋಲುವುದುಂಟು. ಬೆವರು ಮತ್ತು ತೇವಕ್ಕೆ ಆ ವಸ್ತು ನಿಧಾನವಾಗಿ ಶಿಥಿಲವಾಗಿ, ತೂತುಗಳ ಸುತ್ತ ಬಿರುಕು ಬಿಟ್ಟು, ಒಂದು ದಿನ ಹಪ್ಪಳದಂತೆ ಮುರಿಯುತ್ತದೆ. ಕೆಲವು ಮಾದರಿಗಳಿಗೆ ಅದೇ ಅಚ್ಚಿನ ಪಟ್ಟಿಯೇ ಬೇಕು, ಪೇಟೆಯಲ್ಲಿ ಸಿಗುವ ಸಾಮಾನ್ಯ ಪಟ್ಟಿ ಕೂರುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಬದಲಿ ಪಟ್ಟಿ ಸಿಗುತ್ತದೆಯೇ ಎಂದು ಕೇಳಿ. ಓಟ ಮುಗಿದ ಮೇಲೆ ತಣ್ಣೀರಿನಲ್ಲಿ ಬೆವರು ತೊಳೆದು ಒರೆಸಿದರೆ ಆಯುಸ್ಸು ಹೆಚ್ಚುತ್ತದೆ.

ಉತ್ತರ 2: ಮೂರನೇ ಟೈಮ್‌ಕೀಪರ್, ಧಾರವಾಡ

ಸರ್, ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಕ್ರೀಡಾಕೂಟಗಳಲ್ಲಿ ಅಂತಿಮ ಗೆರೆಯ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಸಮಯ ಹಿಡಿಯುತ್ತ ಬಂದವನು ನಾನು. ವಾಚಿನ ಒಳಗಿನ ವಿಚಾರವನ್ನು ತುಮಕೂರಿನವರು ಚೆನ್ನಾಗಿ ಹೇಳಿದ್ದಾರೆ. ಅದರ ಮುಖದ ಮೇಲೆ ಮೂಡುವ ಅಂಕಿಯನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಡಿಜಿಟಲ್ ವಾಚಿನ ದೊಡ್ಡ ಗುಣವೂ ದೊಡ್ಡ ದೋಷವೂ ಅಲ್ಲೇ ಇವೆ.

ತಿಂಗಳಿಗೆ 30 ಸೆಕೆಂಡಿನ ವ್ಯತ್ಯಾಸವೆಂದರೆ ದಿನಕ್ಕೆ ಒಂದು ಸೆಕೆಂಡ್, ಅಂದರೆ 86,400ರಲ್ಲಿ ಒಂದು ಪಾಲು. ಐದು ನಿಮಿಷದ 1500 ಮೀಟರ್ ಓಟದಲ್ಲಿ ಅದು ಸೆಕೆಂಡಿನ ಸಾವಿರ ಪಾಲುಗಳಲ್ಲಿ ನಾಲ್ಕನ್ನೂ ಮುಟ್ಟುವುದಿಲ್ಲ. ಹಾಗಾಗಿ ಅಗ್ಗದ ವಾಚಿನ ಸ್ಫಟಿಕದ ಮೇಲೆ ಓಟದ ಮಟ್ಟಿಗೆ ಯಾವ ಅನುಮಾನವನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ತಪ್ಪುವುದೆಲ್ಲ ಬೆರಳಿನಲ್ಲಿ ಮತ್ತು ಕಿವಿಯಲ್ಲಿ. 100 ಮೀಟರ್ ಓಟದ ಆರಂಭದ ಗೆರೆಯಿಂದ ಅಂತಿಮ ಗೆರೆಯವರೆಗೆ ಪಿಸ್ತೂಲಿನ ಸದ್ದು ಬರಲು ಸುಮಾರು 0.29 ಸೆಕೆಂಡ್ ಹಿಡಿಯುತ್ತದೆ. ಸದ್ದು ಕೇಳಿ ಗುಂಡಿ ಒತ್ತಿದವರ ವಾಚಿನಲ್ಲಿ 13.1 ಸೆಕೆಂಡಿನ ಹುಡುಗ 12.8ರ ಓಟಗಾರನಾಗಿಬಿಡುತ್ತಾನೆ, ಮೇಲಿನ ಹಂತದ ಕೂಟಕ್ಕೆ ಹೋದಾಗ ಅವನ ಓಟ ಕುಸಿಯಿತೆಂದು ಎಲ್ಲರೂ ಮರುಗುತ್ತಾರೆ. ಪಿಸ್ತೂಲಿನ ಹೊಗೆ ಅಥವಾ ಕಿಡಿಯನ್ನು ಕಂಡೊಡನೆ ವಾಚನ್ನು ಚಾಲೂ ಮಾಡಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಶಾಲೆಯಲ್ಲಿ ಪಿಸ್ತೂಲು ಇರುವುದಿಲ್ಲ. ಸೀಟಿಯ ಜತೆಗೆ ಬಾವುಟವನ್ನೂ ಸರಕ್ಕನೆ ಇಳಿಸುವಂತೆ ಒಬ್ಬ ಹುಡುಗನಿಗೆ ಹೇಳಿಕೊಟ್ಟು, ಬಾವುಟವನ್ನೇ ನೋಡಿ ಒತ್ತಿ. ಅಂತಿಮ ಗೆರೆಯಲ್ಲಿ ನೋಡಬೇಕಾದದ್ದು ಓಟಗಾರನ ಮುಂಡವನ್ನು; ತಲೆ, ಕೈ, ಕಾಲು ಗೆರೆ ಮುಟ್ಟಿದ್ದು ಲೆಕ್ಕಕ್ಕಿಲ್ಲ.

ವಾಚು ಸೆಕೆಂಡಿನ ನೂರನೇ ಪಾಲಿನವರೆಗೆ ತೋರಿಸುತ್ತದೆ, ಮಕ್ಕಳೂ ಪೋಷಕರೂ ಅದನ್ನೇ ವೇದವಾಕ್ಯವೆಂದು ಓದುತ್ತಾರೆ. ಕೈಯಿಂದ ಹಿಡಿದ ಸಮಯಕ್ಕೆ ಆ ಯೋಗ್ಯತೆಯಿಲ್ಲ. ಟ್ರ್ಯಾಕಿನ ಓಟದಲ್ಲಿ ಅದನ್ನು ಮುಂದಿನ ಹತ್ತನೇ ಪಾಲಿಗೆ ಏರಿಸಿ ಬರೆಯಬೇಕೆಂಬುದು ನಿಯಮ, 12.41 ಬಂದರೂ ಪುಸ್ತಕದಲ್ಲಿ 12.5. ಮೂವರು ಸಮಯ ಹಿಡಿದು ಮೂವರದೂ ಬೇರೆಯಾದರೆ ನಡುವಿನದು ಅಧಿಕೃತ, ಇಬ್ಬರೇ ಇದ್ದು ಭಿನ್ನವಾದರೆ ಹೆಚ್ಚಿನ ಸಮಯ ಅಧಿಕೃತ. 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗರ ಅಧಿಕೃತ ಕೈಗಡಿಯಾರದ ಸಮಯ 45.6, ಯಂತ್ರ ಹಿಡಿದದ್ದು 45.73. ಅಂಥ ಅಂಗಳದಲ್ಲೂ ಅಷ್ಟು ಅಂತರ ಬಿದ್ದಿರುವಾಗ ನಮ್ಮ ನೂರನೇ ಪಾಲನ್ನು ನೆಚ್ಚಿಕೊಂಡು ಇಬ್ಬರು ಮಕ್ಕಳ ನಡುವೆ ಒಬ್ಬರನ್ನು ಆಯ್ದುಕೊಳ್ಳುವುದು ಅನ್ಯಾಯ.

ಇದೆಲ್ಲ ತಿಳಿದೂ ನಾನು ಗುಂಡಿಯ ವಾಚನ್ನೇ ಬಯಸುತ್ತೇನೆ. ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣು ಓಟಗಾರನ ಮೇಲೆಯೇ ಇರಬಹುದು. ಮುಟ್ಟುಪರದೆಯ ವಾಚಿನಲ್ಲಿ ಬೆವರಿನ ಬೆರಳೋ ಮಳೆಯ ಹನಿಯೋ ತಾನೇ ಒತ್ತಿಬಿಡುವುದನ್ನು, ಇಲ್ಲವೇ ಎರಡು ಸಲ ಒತ್ತಿದರೂ ಕೇಳದಿರುವುದನ್ನು ಕಂಡಿದ್ದೇನೆ. ಆದರೆ ವಾಚನ್ನು ಮುಂಗೈಗೆ ಕಟ್ಟಿಕೊಂಡೇ ಸಮಯ ಹಿಡಿಯಬೇಡಿ, ಬಿಚ್ಚಿ ಅಂಗೈಯಲ್ಲಿ ಹಿಡಿಯಿರಿ. ಇನ್ನೊಂದು ಕೈಯನ್ನು ತಂದು ಸಣ್ಣ ಗುಂಡಿಯನ್ನು ಹುಡುಕುವುದರಲ್ಲೇ ಹತ್ತನೇ ಪಾಲು ಹೋಗಿರುತ್ತದೆ.

ನಿಮಗೆ ಮುಖ್ಯವಾಗಿ ಬೇಕಾದದ್ದು ಲ್ಯಾಪ್ ಮೆಮೊರಿ, ಅಂದರೆ ಗುಂಡಿ ಒತ್ತಿದ ಪ್ರತಿ ಸಲದ ಸಮಯವನ್ನೂ ವಾಚೇ ನೆನಪಿಟ್ಟುಕೊಂಡು ಆಮೇಲೆ ತೋರಿಸುವ ಸೌಲಭ್ಯ. ಅಗ್ಗದ ವಾಚುಗಳಲ್ಲಿ ಸ್ಪ್ಲಿಟ್ ಮಾತ್ರ ಇರುತ್ತದೆ: ಗುಂಡಿ ಒತ್ತಿದಾಗ ಅಂಕಿ ನಿಲ್ಲುತ್ತದೆ, ಒಳಗೆ ಎಣಿಕೆ ಸಾಗುತ್ತಿರುತ್ತದೆ, ಮತ್ತೆ ಒತ್ತಿದರೆ ಆ ಹಿಂದಿನ ಅಂಕಿ ಮಾಯ. ಬರೆದುಕೊಳ್ಳುವಷ್ಟರಲ್ಲಿ ಮುಂದಿನ ಮಗು ಗೆರೆ ದಾಟಿರುತ್ತದೆ. ಎಇ-1200ರಲ್ಲೂ ಈ ಕೊರತೆ ಹಾಗೆಯೇ ಇದೆ. 1986ರಿಂದ ಬರುತ್ತಿರುವ ಟೈಮೆಕ್ಸ್ ಐರನ್‌ಮ್ಯಾನ್ ಸಾಲಿನಲ್ಲಿ 30 ಸುತ್ತುಗಳನ್ನು ನೆನಪಿಟ್ಟುಕೊಳ್ಳುವ ಮಾದರಿಯಿದೆ. ಬೆಲೆ ನಿಮ್ಮ ಮಿತಿಯನ್ನು ದಾಟಬಹುದು, ಆದರೂ ಕೆಲಸಕ್ಕೆ ಒದಗುವುದು ಅಂಥದ್ದೇ.

ಉತ್ತರ 3: ಕಬ್ಬನ್ ಪಾರ್ಕ್ ಭಾನುವಾರ, ಬೆಂಗಳೂರು

ಸರ್, ಇಬ್ಬರು ಹಿರಿಯರ ಮಾತನ್ನೂ ಒಪ್ಪುತ್ತೇನೆ, ಆದರೆ ನಿಮ್ಮ ಸ್ವಂತ ಓಟದ ವಿಷಯ ಹಿಂದೆ ಬಿತ್ತೆನಿಸಿತು. ಆರು ವರ್ಷಗಳಿಂದ ಜಿಪಿಎಸ್ ವಾಚು ಕಟ್ಟಿಕೊಂಡು ಓಡುವವಳಾಗಿ ಸೋದರಳಿಯನ ಪರವಾಗಿಯೂ ವಿರುದ್ಧವಾಗಿಯೂ ಒಂದಿಷ್ಟು ಹೇಳುತ್ತೇನೆ.

ಸಾದಾ ಡಿಜಿಟಲ್ ವಾಚಿಗೆ ದೂರ ಗೊತ್ತಿಲ್ಲ. ಅದಕ್ಕಿರುವ ಅತಿ ದೊಡ್ಡ ಕೊರತೆ ಇದೇ. ಮೊದಲ ಹಾಫ್ ಮ್ಯಾರಥಾನಿನಲ್ಲಿ ಬಹುತೇಕ ಎಲ್ಲರೂ ಮೊದಲ ಐದು ಕಿಲೋಮೀಟರನ್ನು ಗುಂಪಿನ ಹುರುಪಿನಲ್ಲಿ ಓಡಿ ಹದಿನೈದರ ನಂತರ ಕುಂಟುತ್ತಾರೆ. ಕಿಲೋಮೀಟರಿಗೆ ಆರೂವರೆ ನಿಮಿಷದ ವೇಗ ಹಿಡಿದರೆ 21.0975 ಕಿಲೋಮೀಟರಿಗೆ 2 ಗಂಟೆ 17 ನಿಮಿಷ ಬೇಕು. ಆ ವೇಗ ತಪ್ಪುತ್ತಿದೆಯೆಂದು ಓಡುವಾಗಲೇ ತಿಳಿಸುವುದು ಜಿಪಿಎಸ್ ವಾಚು. ಸಾದಾ ವಾಚಿನಲ್ಲಿ ಇದನ್ನು ಮಾಡಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ನೆಚ್ಚಬೇಕು. ನೀವಿರುವ ಕಡೆ ಕಲ್ಲುಗಳು ಸರಿಯಾಗಿದ್ದರೆ ಅದೂ ಒಳ್ಳೆಯ ಅಭ್ಯಾಸವೇ, ಪ್ರತಿ ಕಲ್ಲಿಗೆ ಒಮ್ಮೆ ಲ್ಯಾಪ್ ಗುಂಡಿ ಒತ್ತಿದರಾಯಿತು.

ಹಾಗೆಂದು ಜಿಪಿಎಸ್ ಹೇಳಿದ್ದೆಲ್ಲ ಸತ್ಯವೆಂದು ತಿಳಿಯಬೇಡಿ. ಉಪಗ್ರಹದ ಸಂಕೇತ ಮರದ ಎಲೆಗಳಿಂದ ಸೊರಗಿ, ಎತ್ತರದ ಗೋಡೆಗಳಿಗೆ ಬಡಿದು ತಡವಾಗಿ ಬರುತ್ತದೆ. ಕಬ್ಬನ್ ಪಾರ್ಕಿನ ಮಳೆಮರಗಳ ಕೆಳಗೆ ನಾನು ರಸ್ತೆಯಲ್ಲಿ ಓಡಿದ್ದರೂ ನಕ್ಷೆಯಲ್ಲಿ ಹುಲ್ಲುಹಾಸಿನ ಮೇಲೆ, ಒಮ್ಮೊಮ್ಮೆ ಕಟ್ಟಡದೊಳಗೇ ಓಡಿದಂತೆ ಗೆರೆ ಬಿದ್ದಿರುತ್ತದೆ. ಸ್ಥಾನ ಕೆಲವು ಮೀಟರುಗಳಷ್ಟು ತಪ್ಪುವುದು ಸಹಜ. ನೇರ ರಸ್ತೆಯಲ್ಲಿ ಅದು ಬಾಧಿಸುವುದಿಲ್ಲ. ತಿರುವು ಹೆಚ್ಚಾದಷ್ಟೂ ತಪ್ಪು ಕೂಡುತ್ತ ಹೋಗುತ್ತದೆ. ಹಾಗಾಗಿ ನಿಮ್ಮ 200 ಮೀಟರಿನ ಟ್ರ್ಯಾಕಿನಲ್ಲಿ ಮಕ್ಕಳ ಓಟಕ್ಕೆ ಜಿಪಿಎಸ್ಸಿನಿಂದ ಏನೂ ಪ್ರಯೋಜನವಿಲ್ಲ. ಟೇಪು ಹಿಡಿದು ಅಳೆದು ಹಾಕಿದ ಸುಣ್ಣದ ಗೆರೆಯೇ ಅದಕ್ಕಿಂತ ನಿಖರ.

ಓಟದ ದಿನವೂ ಒಂದು ತೊಡಕಿದೆ. ದೊಡ್ಡ ಓಟಗಳ ದಾರಿಯನ್ನು ಸೈಕಲ್ಲಿನ ಚಕ್ರಕ್ಕೆ ಜೋಡಿಸಿದ ಎಣಿಕೆ ಯಂತ್ರದಿಂದ, ತಿರುವುಗಳಲ್ಲಿ ಒಳ ಅಂಚನ್ನು ಹಿಡಿದು, ಅತ್ಯಂತ ಹತ್ತಿರದ ಹಾದಿಯಾಗಿ ಅಳೆಯುತ್ತಾರೆ. ಎಲ್ಲಿಯೂ ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದರಂತೆ, ಹಾಫ್ ಮ್ಯಾರಥಾನಿಗಾದರೆ ಸುಮಾರು 21 ಮೀಟರ್, ಸೇರಿಸಿಯೂ ಇರುತ್ತಾರೆ. ಓಟಗಾರರಾದ ನಾವು ಗುಂಪನ್ನು ದಾಟುತ್ತ, ನೀರಿನ ಮೇಜಿಗೆ ಹಾಯುತ್ತ ಅಡ್ಡಾದಿಡ್ಡಿ ಓಡುತ್ತೇವೆ. ಕೊನೆಗೆ ವಾಚು 21.35 ಎಂದು ತೋರಿಸಿದರೆ, ವಾಚಿನ ಲೆಕ್ಕದಲ್ಲಿ ಆರೂವರೆ ನಿಮಿಷವನ್ನೇ ಕಾಯ್ದುಕೊಂಡವರೂ ಗುರಿಗಿಂತ ಒಂದೂವರೆ ನಿಮಿಷಕ್ಕೂ ಹೆಚ್ಚು ತಡವಾಗಿ ಮುಟ್ಟುತ್ತಾರೆ. ಕಳೆದ ಎರಡು ಓಟಗಳಲ್ಲಿ ನಾನು ಜಿಪಿಎಸ್ ವೇಗದ ಕಡೆ ನೋಡದೆ, ಸಂಘಟಕರು ನೆಟ್ಟ ಕಿಲೋಮೀಟರ್ ಫಲಕದ ಬಳಿ ಲ್ಯಾಪ್ ಒತ್ತುತ್ತ ಓಡಿದ್ದೇನೆ. ಅಂದರೆ ಇಷ್ಟು ಹಣ ಕೊಟ್ಟ ವಾಚನ್ನು ಆ ದಿನ ಸಾದಾ ವಾಚಿನಂತೆಯೇ ಬಳಸಿದ್ದೇನೆ ಎನ್ನಿ.

ಹೃದಯ ಬಡಿತದ ಮಾತೂ ಹೀಗೆಯೇ. ವಾಚಿನ ಬೆನ್ನಿನಲ್ಲಿರುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ನೋಡಿ ಬಡಿತವನ್ನು ಅಂದಾಜು ಮಾಡುತ್ತದೆ. ಪಟ್ಟಿ ಸಡಿಲವಾದರೆ ಅದು ಬಡಿತದ ಬದಲು ಹೆಜ್ಜೆಗಳನ್ನೇ ಎಣಿಸಿ, ನಿಧಾನದ ಓಟದಲ್ಲೂ 170 ಎಂದು ಹೇಳಿ ಹೆದರಿಸುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಮಿಡಿತವನ್ನೇ ಹಿಡಿಯುವುದರಿಂದ ಹೆಚ್ಚು ನಂಬಿಕಸ್ತ. 220ರಿಂದ ವಯಸ್ಸನ್ನು ಕಳೆದು ಹೇಳುವ ಗರಿಷ್ಠ ಬಡಿತ ಒರಟು ಲೆಕ್ಕ. ನಿಮಗೆ 174 ಬಂದರೂ ನಿಜವಾದ ಮಿತಿ ಹತ್ತಾರು ಬಡಿತ ಆಚೀಚೆ ಇರಬಹುದು.

ಮೂರು ಸಾವಿರದ ಮಿತಿಯಲ್ಲಿ ‘ಸ್ಪೋರ್ಟ್ಸ್’ ಎಂದು ಬರೆದುಕೊಂಡು ಬರುವ ಸ್ಮಾರ್ಟ್ ವಾಚುಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಅವುಗಳಲ್ಲಿ ಹಲವಕ್ಕೆ ಸ್ವಂತ ಜಿಪಿಎಸ್ ಇರುವುದಿಲ್ಲ, ಜೇಬಿನ ಫೋನಿನದನ್ನೇ ಎರವಲು ಪಡೆಯುತ್ತವೆ; ಫೋನಿಲ್ಲದಿದ್ದರೆ ಹೆಜ್ಜೆ ಎಣಿಸಿ ದೂರವನ್ನು ಊಹಿಸುತ್ತವೆ. ಸ್ವಂತ ಜಿಪಿಎಸ್ ಉಳ್ಳ ಓಟದ ವಾಚಿಗೆ ಇದರ ಹಲವು ಪಟ್ಟು ಕೊಡಬೇಕು, ಅದರ ಬ್ಯಾಟರಿ ವರ್ಷ ವರ್ಷಕ್ಕೆ ಸೊರಗುತ್ತ ಬರುತ್ತದೆ, ಅದನ್ನು ತುಮಕೂರಿನವರಂಥ ಅಂಗಡಿಯಲ್ಲಿ ಬದಲಿಸಲು ಬರುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಲ್ಯಾಪ್ ಮೆಮೊರಿಯ ಸಾದಾ ವಾಚು ಕೊಂಡು, ಭಾನುವಾರದ ಓಟಕ್ಕೆ ಮಾತ್ರ ಫೋನನ್ನು ಸೊಂಟದ ಪಟ್ಟಿಯಲ್ಲಿ ಇಟ್ಟುಕೊಂಡು ದೂರವನ್ನು ಅಳೆದುಕೊಳ್ಳುತ್ತಿದ್ದೆ.

ಉತ್ತರ 4: ಬಿಸಿಲೂರು, ರಾಯಚೂರು

ಯಾರೂ ಪ್ರಸ್ತಾಪಿಸದ ಎರಡು ಸಣ್ಣ ಸಂಗತಿಗಳು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಎಲ್‌ಸಿಡಿ ವಾಚನ್ನು ಬೈಕಿನ ಟ್ಯಾಂಕಿನ ಮೇಲೋ ಕಾರಿನ ಗಾಜಿನಡಿಯೋ ಇಟ್ಟರೆ ಪರದೆ ಪೂರಾ ಕಪ್ಪಾಗುತ್ತದೆ. ಗಾಬರಿಯಾಗಬೇಡಿ, ನೆರಳಿನಲ್ಲಿ ತಣಿದ ಮೇಲೆ ಸಾಮಾನ್ಯವಾಗಿ ಮತ್ತೆ ತಿಳಿಯಾಗುತ್ತದೆ. ಆದರೆ ಪದೇ ಪದೇ ಹಾಗಾಗಲು ಬಿಡುವುದು ಒಳ್ಳೆಯದಲ್ಲ. ಇನ್ನೊಂದು, ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಒಂದು ಕೋನದಲ್ಲಿ ನೋಡಿದರೆ ಅಂಕಿಗಳು ಕಾಣಿಸುವುದೇ ಇಲ್ಲ. ಕನ್ನಡಕದಲ್ಲಿರುವಂಥ ಧ್ರುವಕ ಹಾಳೆಯೇ ವಾಚಿನ ಪರದೆಯ ಮೇಲೂ ಇರುತ್ತದೆ, ಎರಡೂ ಅಡ್ಡವಾಗಿ ನಿಂತರೆ ಬೆಳಕು ದಾಟುವುದಿಲ್ಲ. ಕನ್ನಡಕ ಹಾಕಿಕೊಂಡೇ ಅಂಗಡಿಗೆ ಹೋಗಿ ನೋಡಿ ಕೊಳ್ಳಿ. ಇನ್ನು ಗುಣದ ಮಾತಾದರೆ, ಉರಿಬಿಸಿಲಿನಲ್ಲಿ ಎಲ್‌ಸಿಡಿ ಅಂಕಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅದೇ ಹೊತ್ತಿನಲ್ಲಿ ಫೋನಿನ ಪರದೆ ನೋಡಲು ಅಂಗೈಯಿಂದ ನೆರಳು ಮಾಡಿಕೊಳ್ಳಬೇಕು.

ಪ್ರಶ್ನಿಸಿದವರ ಮರುಮಾತು: ಬೆಳಗಿನ ಮೈದಾನ, ಹಾಸನ ಜಿಲ್ಲೆ

ಎಲ್ಲರಿಗೂ ಋಣಿ. ತುಮಕೂರಿನವರು ಹೇಳಿದಂತೆ ಹಳೆಯ ವಾಚನ್ನು ಬೇರೊಬ್ಬರಲ್ಲಿ ಬಿಚ್ಚಿಸಿದೆ. ಗ್ಯಾಸ್ಕೆಟ್ ಒಂದು ಕಡೆ ಮಡಚಿಕೊಂಡು ಮುಚ್ಚಳದಡಿ ಸಿಕ್ಕಿಬಿದ್ದಿತ್ತು. ರಬ್ಬರ್ ಪಟ್ಟಿಯನ್ನು ಒರೆಸಿ ಕೂರಿಸಿದ ಮೇಲೆ ಮಾಯವಾಗಿದ್ದ ಗೀಟು ಮರಳಿ ಬಂದಿದೆ, ಮಸುಕಾಗಿ. ಅದನ್ನು ನೀರಿಗಿಳಿಸದೆ ಮನೆಯಲ್ಲಿಟ್ಟುಕೊಳ್ಳುತ್ತೇನೆ.

ಧಾರವಾಡದ ಸರ್ ಹೇಳಿದ ಸದ್ದಿನ ಲೆಕ್ಕವನ್ನು ಓದಿ ಹಳೆಯ ನೋಟ್‌ಪುಸ್ತಕಗಳನ್ನು ತೆಗೆದು ನೋಡಿದೆ. ಇಷ್ಟು ವರ್ಷ 100 ಮೀಟರಿಗೆ ಸೀಟಿಯ ಸದ್ದಿನ ಮೇಲೆಯೇ ಗುಂಡಿ ಒತ್ತಿದ್ದೇನೆ. ನಮ್ಮ ಶಾಲೆಯ ‘ದಾಖಲೆ’ಗಳನ್ನು ಈಗ ಯಾವ ಮುಖದಿಂದ ಗೋಡೆಯ ಮೇಲೆ ಬರೆಸಲಿ ಎಂದು ತೋಚುತ್ತಿಲ್ಲ.

30 ಸುತ್ತಿನ ನೆನಪುಳ್ಳ ವಾಚನ್ನೇ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಒಂದು ಸಂದೇಹ ಉಳಿದಿದೆ. ಇಪ್ಪತ್ತೈದು ಮಕ್ಕಳು, 200 ಮೀಟರಿನ ಟ್ರ್ಯಾಕು, 800 ಮೀಟರ್ ಓಟ, ವಾಚು ಒಂದೇ. ಯಾರ ಸಮಯ ಯಾವುದೆಂದು ಬೇರ್ಪಡಿಸುವುದು ಹೇಗೆ?

ಉತ್ತರ 5: ಮೂರನೇ ಟೈಮ್‌ಕೀಪರ್, ಧಾರವಾಡ

ಗೋಡೆಯ ದಾಖಲೆಗಳ ಪಕ್ಕದಲ್ಲಿ ‘ಕೈಗಡಿಯಾರ’ ಎಂದು ಬರೆಸಿ, ಸಾಕು. 100 ಮೀಟರಿನವನ್ನು ಮಾತ್ರ ಅಳಿಸಿ ಮತ್ತೆ ಓಡಿಸಿ.

ಸಂದೇಹಕ್ಕೆ ಉತ್ತರ ಹೀಗಿದೆ. 800 ಮೀಟರಿಗೆ ನಿಮ್ಮ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಇಪ್ಪತ್ತೈದು ಮಕ್ಕಳನ್ನೂ ಒಟ್ಟಿಗೆ ಬಿಟ್ಟರೆ ನೂರು ಸಲ ಒತ್ತಬೇಕು, ಮೊದಲ ಸುತ್ತು ಮುಗಿದು ಎರಡನೆಯದು ಆರಂಭವಾಗುವಷ್ಟರಲ್ಲಿಯೇ ಮೆಮೊರಿ ತುಂಬುತ್ತದೆ. ಆರಾರು ಮಕ್ಕಳ ತಂಡ ಮಾಡಿ. ಆರು ನಾಲ್ಕಲಿ ಇಪ್ಪತ್ನಾಲ್ಕು, ಮೂವತ್ತರೊಳಗೆ ಮುಗಿಯಿತು. ಉಳಿದ ಒಂದು ಮಗುವನ್ನು ಕೊನೆಯ ತಂಡಕ್ಕೆ ಸೇರಿಸಿದರೂ ಇಪ್ಪತ್ತೆಂಟೇ. ಪ್ರತಿ ಮಗುವಿನ ಎದೆಗೂ ಒಂದೊಂದು ಅಂಕಿ ಅಂಟಿಸಿ. ನೀವು ಗೆರೆಯ ನೇರಕ್ಕೆ ನಿಂತು ಯಾರೇ ದಾಟಿದರೂ ಲ್ಯಾಪ್ ಗುಂಡಿ ಒತ್ತುತ್ತಿರಿ, ಅಂಕಿಯ ಕಡೆ ನೋಡಲೇಬೇಡಿ. ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ದಾಟಿದವರ ಎದೆಯ ಅಂಕಿಗಳನ್ನು ಬಂದ ಕ್ರಮದಲ್ಲಿ ಬರೆಯಲು ಹೇಳಿ, 4, 1, 6 ಎಂಬಂತೆ. ಇಬ್ಬರು ಜೋಡಿಯಾಗಿ ಬಂದರೆ ನೀವೂ ಎರಡು ಸಲ ಒತ್ತಬೇಕು, ಇಲ್ಲವಾದರೆ ಮುಂದಿನ ಸಾಲೆಲ್ಲ ಒಂದು ಮನೆ ಜರುಗಿ ಹೋಗುತ್ತದೆ. ಓಟ ಮುಗಿದ ಮೇಲೆ ವಾಚಿನ ಪಟ್ಟಿಯನ್ನೂ ಅವನ ಪಟ್ಟಿಯನ್ನೂ ಎದುರುಬದುರು ಇಟ್ಟು ಬರೆದುಕೊಳ್ಳಿ.

ಒಂದೇ ಎಚ್ಚರಿಕೆ: ವಾಚು ಎರಡು ಬಗೆಯ ಅಂಕಿಗಳನ್ನು ತೋರಿಸುತ್ತದೆ. ಲ್ಯಾಪ್ ಎಂದಿರುವುದು ಹಿಂದಿನ ಒತ್ತಿನಿಂದ ಈ ಒತ್ತಿನವರೆಗಿನ ಸಮಯ, ಅಂದರೆ ಹಿಂದಿನ ಮಗುವಿಗೂ ಈ ಮಗುವಿಗೂ ನಡುವಿನ ಅಂತರ. ನಿಮಗೆ ಬೇಕಾದದ್ದು ಆರಂಭದಿಂದ ಲೆಕ್ಕವಾಗುವ ಸ್ಪ್ಲಿಟ್. ಮಗುವಿನ ಎರಡನೇ ಸುತ್ತಿನ ಸಮಯ ಬೇಕಿದ್ದರೆ ಅದರ ಎರಡನೇ ಸ್ಪ್ಲಿಟ್ಟಿನಿಂದ ಮೊದಲನೆಯದನ್ನು ಕಳೆಯಿರಿ. ಬರೆದುಕೊಳ್ಳುವವರೆಗೆ ರೀಸೆಟ್ ಗುಂಡಿಯ ಹತ್ತಿರ ಬೆರಳನ್ನು ಒಯ್ಯಬೇಡಿ, ಮಕ್ಕಳ ಕೈಗೂ ವಾಚನ್ನು ಕೊಡಬೇಡಿ.